ಏಳನೇ ಪಾಯಿಂಟಿನ ಕೆಂಪು ಬಾವುಟ

ನಮ್ಮತ್ತೆ ಮರಿತಾಯಮ್ಮ ಮೂವತ್ತೈದು ವರ್ಷ ರಸ್ತೆ ಗ್ಯಾಂಗಿನಲ್ಲಿ ದುಡಿದವರು. ನಂಜನಗೂಡಿನಿಂದ ನರಸೀಪುರದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಕೈ ತೋರಿಸುತ್ತಲೇ ಇರುತ್ತಾರೆ. ಈ ತಿರುವಿಗೆ ಜಲ್ಲಿ ಹಾಕಿದ್ದು ನಾವು, ಆ ಮೋರಿ ಕಟ್ಟುವಾಗ ಮೂರು ದಿನ ಮಳೆ ಹಿಡಿದಿತ್ತು, ಇಲ್ಲಿ ಟಾರು ತೆಳ್ಳಗಾಯಿತೆಂದು ಇಂಜಿನಿಯರು ಬೈದಿದ್ದರು. ಬೇರೆಯವರು ನೆಂಟರ ಮನೆಗಳ ಗುರುತು ಹೇಳುವ ಹಾಗೆ ಇವರು ರಸ್ತೆಯ ಗುರುತು ಹೇಳುತ್ತಾರೆ.

ಗ್ಯಾಂಗಿಗೆ ಸೇರಿದಾಗ ಅವರಿಗೆ ಇಪ್ಪತ್ತೈದು. ನನ್ನ ಗಂಡ ಗುರು ಆಗ ಆರು ತಿಂಗಳ ಕೂಸು. ಹೊಂಗೆಮರಕ್ಕೆ ಸೀರೆ ಕಟ್ಟಿ ತೊಟ್ಟಿಲು ಮಾಡಿ ಅದರಲ್ಲಿ ಮಲಗಿಸುತ್ತಿದ್ದರಂತೆ. ಆ ಗ್ಯಾಂಗಿನಲ್ಲಿ ಒಂದು ಪದ್ಧತಿಯಿತ್ತು. ಹಾಲೂಡಿಸುವ ಹೆಂಗಸಿನ ತಲೆ ಮೇಲೆ ಬಿಸಿ ಟಾರಿನ ಬಾಂಡ್ಲಿ ಹೊರಿಸುತ್ತಿರಲಿಲ್ಲ. ಕೈಗೆ ಕೆಂಪು ಬಾವುಟ ಕೊಟ್ಟು ಕೆಲಸ ನಡೆಯುವ ಜಾಗದ ತುದಿಗೆ ನಿಲ್ಲಿಸುತ್ತಿದ್ದರು. ಮಗು ಅತ್ತರೆ ಹತ್ತು ಹೆಜ್ಜೆ ಹೋಗಿ ಎತ್ತಿಕೊಳ್ಳಬಹುದು, ಲಾರಿ ಬಂದರೆ ಬಾವುಟ ತೋರಿಸಿ ನಿಲ್ಲಿಸಬಹುದು. ಅದನ್ನು ಎಲ್ಲರೂ ಕೂತು ತಿನ್ನುವ ಕೆಲಸ ಅಂತಲೇ ಆಡಿಕೊಳ್ಳುತ್ತಿದ್ದರು. ಮಗು ಹಾಲು ಬಿಟ್ಟ ಮೇಲೆ ಬಾವುಟವೂ ಕೈಬಿಡುತ್ತಿತ್ತು, ಮತ್ತೆ ಬಾಂಡ್ಲಿ.

ಗುರು ಹಾಲು ಬಿಟ್ಟ. ಬಾವುಟ ಇನ್ನೊಬ್ಬ ಬಾಣಂತಿಗೆ ಹೋಯಿತು. ಒಂದು ಮಧ್ಯಾಹ್ನ ಆಕೆ ಮಗುವಿನ ಕಡೆ ತಿರುಗಿದ ಹೊತ್ತಿಗೆ ಕಬ್ಬಿನ ಲಾರಿಯೊಂದು ನುಗ್ಗಿ ಬಂದು, ಟಾರಿನ ಡ್ರಮ್ಮಿಗೆ ತಗುಲಿ, ಬಿಸಿ ಟಾರು ಚೆಲ್ಲಿ, ಜೊತೆಯ ಹೆಂಗಸೊಬ್ಬಳ ಎರಡೂ ಪಾದ ಸುಟ್ಟುಹೋದವು. ಬನ್ನೂರಿನ ಆಸ್ಪತ್ರೆಗೆ ಆಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ ತೊಡೆಯ ಮೇಲೆ ಆ ಕಾಲುಗಳನ್ನು ಇಟ್ಟುಕೊಂಡು ಕೂತಿದ್ದವರು ನಮ್ಮತ್ತೆ. ಮಾರನೇ ದಿನ ಮೇಸ್ತ್ರಿಯ ಮುಂದೆ ನಿಂತು, ಬಾಣಂತಿಗೆ ನೆರಳಿನ ಕೆಲಸ ಬೇರೆ ಏನಾದರೂ ಕೊಡಿ, ಬಾವುಟ ಇನ್ನು ಮೇಲೆ ನನಗೇ ಇರಲಿ ಎಂದರಂತೆ. ಬೇಕಾದರೆ ಕೆಲಸ ಮುಗಿದ ಮೇಲೆ ಜಲ್ಲಿ ಹೊರುತ್ತೇನೆ ಎಂದೂ ಹೇಳಿದರಂತೆ. ಆಮೇಲೆ ಕೆಲಸ ಕಾಯಂ ಆಯಿತು, ಮಂಡಿ ನೋವು ಬಂತು, ರಿಟೈರೂ ಆದರು. ಅಲ್ಲಿಯತನಕ ಬಾವುಟ ಬೇರೆಯವರ ಕೈಗೆ ಹೋಗಲಿಲ್ಲ.

ಇದನ್ನೆಲ್ಲ ಅವರು ಒಂದೇ ಸಲ ಕೂತು ಹೇಳಿದ್ದಲ್ಲ. ಸೊಪ್ಪು ಸೋಸುವಾಗ ಒಂದು, ನನ್ನ ಮಗಳು ಸಿಂಧುಗೆ ಎಣ್ಣೆ ಹಚ್ಚುವಾಗ ಇನ್ನೊಂದು. ನಾನು ದಿನವೂ ನಾಲ್ಕು ಸಾಲು ಬರೆದಿಡುವವಳಾದ್ದರಿಂದ ನನ್ನ ಹತ್ತಿರ ಉಳಿದುಕೊಂಡಿವೆ.

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಮೋಟಾರು ಕ್ಲಬ್ಬಿನವರು ನಮ್ಮ ಕಡೆ ಕಾರ್ ರ‍್ಯಾಲಿ ಮಾಡಲು ಬಂದರು. ಹಳ್ಳಿ ರಸ್ತೆಯ ಹನ್ನೆರಡು ಕಿಲೋಮೀಟರು ತುಂಡನ್ನು ಅರ್ಧ ದಿನ ಬಂದ್ ಮಾಡಿಸಿ, ಕಾರುಗಳನ್ನು ಎರಡೆರಡು ನಿಮಿಷ ಬಿಟ್ಟು ಒಂದೊಂದಾಗಿ ಓಡಿಸಿ, ಯಾರು ಕಡಿಮೆ ಹೊತ್ತಿನಲ್ಲಿ ಮುಟ್ಟಿದರು ಎಂದು ನೋಡುತ್ತಾರೆ. ಆ ತುಂಡಿಗೆ ಸ್ಟೇಜ್ ಎನ್ನುತ್ತಾರೆ. ಕಾರು ಓಡಿಸುವವರು ನೂರು ಜನ ಇದ್ದರೆ, ಅವರು ಓಡಿಸುವ ಹಾಗೆ ರಸ್ತೆ ಕಾಯುವವರು ಮುನ್ನೂರು ಜನ ಬೇಕು. ಪ್ರತಿ ಅಡ್ಡದಾರಿಗೂ ಒಂದು ಪಾಯಿಂಟು. ಅಲ್ಲಿ ಟೇಪು ಕಟ್ಟಿ, ಸೀಟಿ ಊದಿ, ದನ ಜನ ರಸ್ತೆಗೆ ಇಳಿಯದಂತೆ ನೋಡಿಕೊಳ್ಳುವ, ಅಡ್ಡಿ ಕಂಡರೆ ಕೆಂಪು ಬಾವುಟ ಹಿಡಿದು ಕಾರು ನಿಲ್ಲಿಸುವ ಸ್ವಯಂಸೇವಕರು. ಸಂಬಳ ಇಲ್ಲ. ಒಂದು ಕಿತ್ತಳೆ ಜಾಕೆಟ್ಟು, ಒಂದು ಟೋಪಿ, ಮಧ್ಯಾಹ್ನಕ್ಕೆ ಪಲಾವ್ ಪೊಟ್ಟಣ.

ಮೊದಲ ವರ್ಷ ನಾವಿಬ್ಬರೂ ಆ ಪೊಟ್ಟಣ ಕಟ್ಟುವ ಕಡೆ ಇದ್ದೆವು. ಚಿಕ್ಕಯ್ಯನಛತ್ರ ಎಂಬ ಊರಿನ ಒಂದು ಛಾವಣಿಯಡಿ ಆರುನೂರು ಪೊಟ್ಟಣ ಕಟ್ಟಿ, ಜೀಪಿನಲ್ಲಿ ಪಾಯಿಂಟಿನಿಂದ ಪಾಯಿಂಟಿಗೆ ಹಂಚುತ್ತಾ ಹೋದೆವು. ಒಂದು ಪಾಯಿಂಟಿನಲ್ಲಿ ಬಾವುಟ ಹಿಡಿದವನು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೊಬೈಲು ನೋಡುತ್ತಿದ್ದ. ಅತ್ತೆ ಪೊಟ್ಟಣ ಕೊಟ್ಟು ಬಂದರು. ಜೀಪು ಹೊರಟ ಮೇಲೆ ನನ್ನ ಕಡೆ ಬಾಗಿ, ಮುಂದಿನ ವರ್ಷ ನಾನು ಬಾವುಟ ಹಿಡಿಯುತ್ತೇನೆ ಎಂದರು. ಕೇಳಿದ ಹಾಗಿರಲಿಲ್ಲ, ತೀರ್ಮಾನ ಹೇಳಿದ ಹಾಗಿತ್ತು.

ಅದು ಸುಲಭವಾಗಲಿಲ್ಲ. ಸ್ಟೇಜಿನ ಉಸ್ತುವಾರಿ ತೇಜಸ್ವಿನಿ ಎಂಬಾಕೆಯದು. ಮೂವತ್ತೈದರ ಒಳಗಿನ ವಯಸ್ಸು, ಕೂದಲು ಎತ್ತಿ ಕಟ್ಟಿ, ಎರಡು ಫೋನು ಹಿಡಿದು ಓಡಾಡುವವರು. ಪಾಯಿಂಟಿನ ಮುಖ್ಯಸ್ಥರಿಗೆ ಇಂಗ್ಲಿಷು ಓದಲು ಬರಬೇಕು, ವಾಕಿಟಾಕಿಯಲ್ಲಿ ಮಾತಾಡಬೇಕು, ಪ್ರತಿ ಕಾರಿನ ನಂಬರು ಬರೆಯಬೇಕು ಎಂದು ಅವರು ವಿವರಿಸಿದರು. ಅತ್ತೆ ನನ್ನನ್ನು ಮುಂದಕ್ಕೆ ತಳ್ಳಿದರು. ಓದುವುದು, ಬರೆಯುವುದು, ಮಾತಾಡುವುದು ನನ್ನ ಸೊಸೆ, ನಿಲ್ಲಿಸುವುದು ನಾನು. ತೇಜಸ್ವಿನಿ ನಕ್ಕು, ಒಪ್ಪಿ, ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದರು.

"ಅಮ್ಮ, ಏಳನೇ ಪಾಯಿಂಟ್ ನಿಮ್ಮೂರಲ್ಲೇ ಬರುತ್ತೆ. ಕಮಿಟೀಲಿ ನಿಮ್ಮೂರಿನ ರೂಟ್ ಬೇಡ ಅಂದ್ರು, ನಾನು ಜಗಳ ಮಾಡಿ ಇಟ್ಟಿದೀನಿ. ನಿಮ್ಮೂರಿಂದಾಗಿ ಸ್ಟೇಜ್ ಕ್ಯಾನ್ಸಲ್ ಆದ್ರೆ ಮುಂದಿನ ವರ್ಷ ರೂಟೂ ಇಲ್ಲ, ನಿಮ್ಮ ಬಾವುಟಾನೂ ಇಲ್ಲ."

ಅತ್ತೆ ಆಗಲಿ ಎಂದರು. ಹೋದ ಡಿಸೆಂಬರಿನ ಎರಡನೇ ವಾರ ನಮಗೆ ಬಾವುಟ ಬಂತು. ಹೊಸ ಬಟ್ಟೆ, ಉದ್ದ ಕೋಲು. ಮನೆಗೆ ತಂದು ಅತ್ತೆ ಅದರ ಅಂಚಿಗೆ ಇನ್ನೊಂದು ಸುತ್ತು ಹೊಲಿಗೆ ಹಾಕಿದರು, ಗಾಳಿಗೆ ದಾರ ಬಿಡುತ್ತದೆ ಎಂದು.

ರ‍್ಯಾಲಿ ಭಾನುವಾರ. ಮನೆಮನೆಗೆ ಹೋಗಿ ವಿಷಯ ತಿಳಿಸುವುದೂ ನಮ್ಮ ಕೆಲಸವೇ. ಗುರುವಾರ ಸಿಂಧುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಅಚ್ಚಾದ ಹಾಳೆ ಓದುತ್ತಿದ್ದೆ, ಅತ್ತೆ ಅದನ್ನು ಬಿಡಿಸಿ ಹೇಳುತ್ತಿದ್ದರು. ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ರಸ್ತೆ ಬಂದ್. ದನ ಬಿಡಬಾರದು. ಗಾಡಿ ನಿಲ್ಲಿಸಬಾರದು. ಮಕ್ಕಳನ್ನು ಟೇಪಿನ ಹಿಂದೆ ಇಟ್ಟುಕೊಳ್ಳಬೇಕು. ನಾಯಿ ಕಟ್ಟಿಹಾಕಬೇಕು.

ಮೋರಿಯಾಚೆಯ ದೊಡ್ಡ ಮನೆ ಪುಟ್ಟಬಸವಯ್ಯನವರದು. ಹೊಲ, ತೋಟ, ಎಂಟು ಹಸು. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಹೊಲದಲ್ಲಿ ಕಳೆ ಕಿತ್ತವರು. ಆಗೆಲ್ಲ ಅವರನ್ನು, ಆಳುಗಳು ಒಡೆಯರನ್ನು ಕರೆಯುವ ಹಾಗೆ, ಬುದ್ಧಿ ಎಂದು ಕರೆಯುತ್ತಿದ್ದರು. ಗ್ಯಾಂಗಿನಲ್ಲಿ ಕಾಯಂ ಆದ ತಿಂಗಳಿನಿಂದ ಬಸವಣ್ಣೋರೇ ಎನ್ನಲು ಶುರುಮಾಡಿದರಂತೆ. ಅದನ್ನು ಅರಗಿಸಿಕೊಳ್ಳಲು ಅವರಿಗೆ ಎರಡು ವರ್ಷ ಹಿಡಿಯಿತು ಎಂದು ನಮ್ಮ ಮಾವ ನಾಗಯ್ಯ ಈಗಲೂ ನಗುತ್ತಾರೆ. ಅಂದು ಪುಟ್ಟಬಸವಯ್ಯನವರು ಜಗಲಿಯ ಮೇಲೆ ಕೂತು ನಾನು ಓದಿದ್ದನ್ನೆಲ್ಲ ಗಮನವಿಟ್ಟು ಕೇಳಿದರು. ಎಷ್ಟು ಕಾರು ಎಂದರು. ಐವತ್ತೆರಡು ಎಂದು ಅತ್ತೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಬೇರೆ ಗಾಡಿ ಬರುತ್ತವೆಯೇ ಎಂದರು. ಒಂದು ಸೈಕಲ್ಲೂ ಬಿಡುವುದಿಲ್ಲ ಎಂದರು ಅತ್ತೆ. ಕಾರೆಲ್ಲ ಒಂದೇ ಗೆರೆಯ ಮೇಲೆ ಹೋಗುತ್ತವೆಯೇ ಎಂದು ಅವರು ಮತ್ತೆ ಕೇಳಿದರು. ಹೌದು, ಒಂದೇ ಗೆರೆ, ಎರಡೆರಡು ನಿಮಿಷಕ್ಕೆ. ಅವರು ತಲೆಯಾಡಿಸಿ ಒಳಗೆ ಹೋದರು. ಇಷ್ಟು ಆಸ್ಥೆಯಿಂದ ಇನ್ಯಾರೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ನಾವಿಬ್ಬರೂ ಅದನ್ನೇ ಹೇಳಿಕೊಂಡು ಖುಷಿಪಟ್ಟೆವು.

ಭಾನುವಾರ ಆರೂವರೆಗೆ ಪಾಯಿಂಟಿನಲ್ಲಿದ್ದೆವು. ಸಿಂಧುವನ್ನು ಗುರು ನೋಡಿಕೊಂಡ, ರಾಗಿ ಗಂಜಿ ಮಾಡಿಟ್ಟು ಬಂದಿದ್ದೆ. ನಮ್ಮೂರಿನ ಹತ್ತಿರ ಸ್ಟೇಜಿನ ದಾರಿ ನಾಲೆ ಏರಿಯ ಮಣ್ಣು ರಸ್ತೆಯಿಂದ ಇಳಿದು, ಮುಕ್ಕಾಲು ಕಿಲೋಮೀಟರು ಟಾರಿನ ಮೇಲೆ ಓಡಿ, ಮತ್ತೆ ಮಣ್ಣಿಗೆ ಹತ್ತುತ್ತದೆ. ಏಳನೇ ಪಾಯಿಂಟು ಆ ಟಾರಿನ ಶುರುವಿನಲ್ಲಿ. ಅಲ್ಲಿಂದ ಇನ್ನೂರು ಹೆಜ್ಜೆ ಮುಂದೆ ಮೋರಿ, ಮೋರಿ ದಾಟಿದರೆ ಎಡಕ್ಕೆ ತಿರುವು. ತಿರುವಿನಾಚೆ ನಮಗೆ ಕಾಣುವುದಿಲ್ಲ. ಏಳೂವರೆಗೆ ನಾವಿಬ್ಬರೂ ತಿರುವಿನಾಚೆಯ ಕೊನೆಯತನಕ ನಡೆದು ಬಂದೆವು. ರಸ್ತೆ ಗುಡಿಸಿದ ಅಂಗಳದ ಹಾಗಿತ್ತು. ಎಂಟಕ್ಕೆ ಸರಿಯಾಗಿ ಟೇಪು ಎಳೆದೆವು. ರಸ್ತೆ ಬಂದ್, ಏಳನೇ ಪಾಯಿಂಟ್ ಸರಿಯಾಗಿದೆ ಎಂದು ನಾನು ವಾಕಿಟಾಕಿಯಲ್ಲಿ ಹೇಳಿದೆ. ಎಂಟೂ ಐವತ್ತಕ್ಕೆ ಸುರಕ್ಷತೆಯ ಕಾರು ಹೊರಟು ದಾರಿ ನೋಡಿಕೊಂಡು ಬರುತ್ತದೆ, ಒಂಬತ್ತೂವರೆಗೆ ಮೊದಲ ಸ್ಪರ್ಧಿ.

ಎಂಟೂ ಇಪ್ಪತ್ತೈದರ ಸುಮಾರಿಗೆ ಮೋರಿಯ ಹತ್ತಿರದ ಟೇಪು ಬಿಚ್ಚಿ ಹಾರುವುದು ಕಂಡಿತು. ಕಟ್ಟಲು ಹೋದವಳು ತಿರುವಿನಾಚೆ ನೋಡಿದೆ.

ರಸ್ತೆಯ ಅಗಲಕ್ಕೂ ಹುರುಳಿ ಹಾಸಿತ್ತು. ಬೇರು ಸಮೇತ ಕಿತ್ತು ಒಣಗಿಸಿದ ಬಳ್ಳಿ, ಮೊಣಕಾಲುದ್ದ, ನೂರೈವತ್ತು ಹೆಜ್ಜೆ. ಕೊನೆಯಲ್ಲಿ ಪುಟ್ಟಬಸವಯ್ಯನವರು ಕವಲುಗೋಲು ಹಿಡಿದು ಅಂಚು ಸರಿಮಾಡುತ್ತಿದ್ದರು. ಅವರ ಹೆಂಡತಿ ಚಾಮುಂಡಮ್ಮ ಒಂದು ಹೊರೆ ಬಿಚ್ಚುತ್ತಿದ್ದರು. ಪಕ್ಕದ ಎರಡು ಮನೆಯವರದೂ ಸೇರಿತ್ತು.

ನಮ್ಮ ಕಡೆ ಹುರುಳಿ, ರಾಗಿ ಒಕ್ಕಣೆಗೆ ಟಾರು ರಸ್ತೆಯೇ ಕಣ. ಹಾಸಿಬಿಟ್ಟರೆ ಹೋಗಿ ಬರುವ ಬಸ್ಸು ಲಾರಿ ತುಳಿದು ಕಾಳು ಬಿಡಿಸುತ್ತವೆ. ನಾನೂ ಹುಟ್ಟಿದೂರಿನಲ್ಲಿ, ಹದಿನಾರು ಎಂಬ ಹಳ್ಳಿಯಲ್ಲಿ, ಚಿಕ್ಕಂದಿನಿಂದ ನೋಡಿದವಳು. ಆದರೂ ಆ ಹಾಳೆಯ ಪಟ್ಟಿಯಲ್ಲಿ ಅದಿಲ್ಲವಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ದನ, ಗಾಡಿ, ನಾಯಿ, ಮಕ್ಕಳು ಎಲ್ಲ ಇತ್ತು. ಪಟ್ಟಿ ಮಾಡಿದವರು ಮೈಸೂರಿನವರು, ಅವರಿಗೆ ಗೊತ್ತಿಲ್ಲ. ನಮಗೆ ಅದು ಎಷ್ಟು ಗೊತ್ತೆಂದರೆ ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ. ಪುಟ್ಟಬಸವಯ್ಯನವರು ಮಾತ್ರ ಐವತ್ತೆರಡು ಕಾರು ಎಂದಾಗಲೇ ಲೆಕ್ಕ ಹಾಕಿದ್ದರು. ಹಾಸುವಾಗ ಬೆಳಗಿನ ಬಸ್ಸಿಗೆ, ಹಾಲಿನ ವ್ಯಾನಿಗೆ ಅಡ್ಡಿಯಾಗಬಾರದೆಂದು ಎಂಟು ಗಂಟೆ ಹೊಡೆಯುವತನಕ ಕಾದು ಹಾಸಿದ್ದರು.

ನಾನು ಓಡಿ ಬಂದು ಅತ್ತೆಗೆ ಹೇಳಿದೆ. ಇನ್ನೂ ಇಪ್ಪತ್ತೈದು ನಿಮಿಷವಿದೆ, ಯಾರಿಗೂ ಹೇಳುವುದು ಬೇಡ, ಓಡಿಹೋಗಿ ಎತ್ತಿಸಿಬಿಡೋಣ ಎಂದೆ. ನನಗೆ ಕಂಡದ್ದು ಬಾವುಟ ಕೈತಪ್ಪುವುದು ಮಾತ್ರ.

ಅತ್ತೆ ಕೋಲನ್ನು ಬಿಗಿಯಾಗಿ ಹಿಡಿದರು. "ಮೊದ್ಲು ಅವ್ರಿಗೆ ಏಳು ಯಶೋದಾ. ಆಮೇಲೆ ಎತ್ತನ."

"ಹೇಳಿದರೆ ಕ್ಯಾನ್ಸಲ್ ಮಾಡಿಬಿಟ್ಟರೆ?"

"ಮಾಡ್ಲಿ. ಏಳ್ದೆ ಇದ್ದು ಒಂದು ಕಾರು ಅದ್ರೊಳಕ್ಕೆ ನುಗ್ಗುದ್ರೆ ಆ ಕಾಲು ಯಾರ ತೊಡೆ ಮೇಲಿಕ್ಕಳನ?"

ನಾನು ಬಟನ್ ಒತ್ತಿದೆ. ಏಳನೇ ಪಾಯಿಂಟ್, ದಾರಿ ಸರಿಯಿಲ್ಲ, ತಿರುವಿನಾಚೆ ನೂರೈವತ್ತು ಹೆಜ್ಜೆ ಒಣ ಹುರುಳಿ ಹಾಸಿದ್ದಾರೆ. ಆ ಕಡೆಯಿಂದ ತೇಜಸ್ವಿನಿಯ ದನಿ, ತಣ್ಣಗೆ. ಒಣ ಹುಲ್ಲು ಕಾರಿನ ಹೊಟ್ಟೆಗೆ ಸಿಕ್ಕಿಕೊಂಡರೆ ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತುತ್ತದೆ, ಕಡ್ಡಿಯೂ ಉಳಿಯಬಾರದು. ಪರವಾನಗಿ ಹನ್ನೆರಡರವರೆಗೆ ಮಾತ್ರ. ಮೊದಲ ಕಾರು ಒಂಬತ್ತೂ ಐವತ್ತರೊಳಗೆ ಹೊರಡದಿದ್ದರೆ ಸ್ಟೇಜ್ ರದ್ದು.

ಅತ್ತೆ ಬಾವುಟ ಹಿಡಿದೇ ತಿರುವಿನಾಚೆಗೆ ನಡೆದರು. ಮಂಡಿ ನೋವಿನವರು ಅಷ್ಟು ಬೇಗ ನಡೆದದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಪುಟ್ಟಬಸವಯ್ಯನವರು ಇವರನ್ನು ನೋಡಿ, ಸರಿಯಾಗಿ ಎಂಟಕ್ಕೇ ಹಾಸಿದೆ ನೋಡು, ನಿನ್ನ ಮಾತು ಮೀರಿಲ್ಲ ಎಂದು ನಗುತ್ತಲೇ ಅಂದರು. ಎತ್ತಬೇಕು ಎಂದು ಅತ್ತೆ ಹೇಳಿದಾಗ ನಗು ನಿಂತಿತು. ಎತ್ತುವುದಕ್ಕೆ ಹಾಸಿದ್ದಲ್ಲ, ಹತ್ತು ಕಾರು ಹೋಗಲಿ, ಆಮೇಲೆ ನೋಡೋಣ ಎಂದರು. ಪಕ್ಕದ ಮನೆಯವರೂ ಸುತ್ತ ಸೇರಿದರು. ಇಷ್ಟು ವರ್ಷ ಯಾವ ಬಸ್ಸಿನವನೂ ಬೇಡ ಅನ್ನದ್ದನ್ನು ಈ ಕಾರಿನವರು ಯಾಕೆ ಅನ್ನಬೇಕು ಎಂಬುದು ಅವರ ವಾದ.

"ರೋಡೇನು ನಿಮ್ಮಪ್ಪಂದಾ ಮರಿತಾಯಿ?" ಎಂದರು ಪುಟ್ಟಬಸವಯ್ಯನವರು.

"ನಮ್ಮಪ್ಪಂದಲ್ಲ ಬಸವಣ್ಣೋರೇ. ಟಾರು ಆಕ್ದೋಳು ನಾನು. ನೀವೂ ಆವತ್ತು ಜಗಲಿ ಮೇಲೆ ಕುಂತು ನೋಡ್ತಿದ್ರಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಪುಟ್ಟಬಸವಯ್ಯನವರ ಮುಖ ಬಿಗಿಯಿತು. ಅತ್ತೆ ಅದನ್ನು ಅಲ್ಲಿಗೆ ಬಿಡಲಿಲ್ಲ. ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಪ್ಪು ನಿಮ್ದಲ್ಲ, ನಂದು. ಮನೆಮನೆಗೆ ಬಂದು ನಾಯಿ ಕಟ್ಟಾಕಿ ಅಂದೋಳು ರೋಡಿಗೆ ಉಳ್ಳಿ ಆಸ್ಬೇಡಿ ಅನ್ನನಿಲ್ಲ. ನಾಳೆ ಸೋಮವಾರ ನಿಮ್ಮ ಕಣಕ್ಕೆ ಬತ್ತೀನಿ, ಪೂರಾ ನಾನೇ ಬಡಿದು ಕೊಡ್ತೀನಿ. ಈಗ ಎತ್ತಿ. ಎತ್ತನಿಲ್ಲ ಅಂದ್ರೆ ಒಂದು ಕಾರೂ ಇತ್ತ ಬರಕಿಲ್ಲ, ಬಾವುಟ ನನ್ ಕೈಲೈತೆ."

ಕಾರು ಬಾರದಿದ್ದರೆ ಹಾಸಿದ್ದೂ ವ್ಯರ್ಥವೇ ಎಂಬುದು ಅವರಿಗೆ ಹೊಳೆದಿರಬೇಕು. ಮೊದಲು ಬಗ್ಗಿದ್ದು ಚಾಮುಂಡಮ್ಮ. ಒಂದು ತೆಕ್ಕೆ ಬಳ್ಳಿ ಎತ್ತಿ ಗಂಡನ ಕಡೆ ನೋಡದೆಯೇ ಬದುವಿಗೆ ಹಾಕಿದರು. ಪುಟ್ಟಬಸವಯ್ಯನವರು ಕವಲುಗೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಅವರೂ ಶುರುಮಾಡಿದರು.

ಎಲ್ಲರೂ ಒಂದೇ ಕಡೆ ನುಗ್ಗುವುದನ್ನು ಕಂಡು ಅತ್ತೆ ಗ್ಯಾಂಗಿನ ಪದ್ಧತಿ ತಂದರು. ಹತ್ತು ಹೆಜ್ಜೆಗೆ ಒಬ್ಬೊಬ್ಬರು, ಅವರವರ ತುಂಡು ಅವರವರದೇ. ಬಾವುಟದ ಕೋಲಿನಿಂದ ರಸ್ತೆಗೆ ಅಡ್ಡ ಗೆರೆ ಎಳೆಯುತ್ತಾ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಟಾರ್ಪಾಲು ಬಂತು, ಹಳೆ ಸೀರೆ ಬಂದವು, ಟೇಪಿನ ಹಿಂದೆ ಕಾರು ನೋಡಲು ಕೂತಿದ್ದ ಹೆಂಗಸರೂ ಬಂದರು. ನಾನು ವಾಕಿಟಾಕಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ನನ್ನ ಹತ್ತು ಹೆಜ್ಜೆ ಹಿಡಿದೆ. ಹುರುಳಿ ಸೊಪ್ಪಿನ ಧೂಳಿಗೆ ಕುತ್ತಿಗೆಯೆಲ್ಲ ನವೆ.

ಒಂಬತ್ತಕ್ಕೆ ಸುರಕ್ಷತೆಯ ಕಾರು ಬಂತು. ಅತ್ತೆ ಆಗಲೇ ಪಾಯಿಂಟಿಗೆ ಮರಳಿ ರಸ್ತೆಯ ನಡುವೆ ಕೆಂಪು ಬಾವುಟ ಅಡ್ಡ ಹಿಡಿದು ನಿಂತಿದ್ದರು. ಕಾರಿನಿಂದ ಇಳಿದವರು ನಂಜುಂಡಸ್ವಾಮಿ ಎಂಬ ಅಧಿಕಾರಿ. ಸುರಕ್ಷತೆ ಅವರ ಜವಾಬ್ದಾರಿ. ನಡೆದು ಹೋಗಿ ನೋಡಿ, ಗಡಿಯಾರ ನೋಡಿ, ಮರಳಿ ಬಂದು ಕಾರಿಗೆ ಒರಗಿ ನಿಂತರು. ಒಂಬತ್ತೂ ಇಪ್ಪತ್ತಕ್ಕೆ ಕೊನೆಯ ಹೊರೆ ಎದ್ದಿತು, ಒಂಬತ್ತೂ ಇಪ್ಪತ್ತೈದಕ್ಕೆ ಕಡ್ಡಿ ಪೊರಕೆಯಿಂದ ಗುಡಿಸಿಯೂ ಆಯಿತು. ರಸ್ತೆ ಕಪ್ಪಗೆ ಕಂಡಿತು.

"ಕ್ಲಿಯರ್ ಇದೆ ಅಮ್ಮ. ಬಾವುಟ ಇಳಿಸಿ, ನಾನು ಹೊರಡ್ತೀನಿ" ಎಂದರು ನಂಜುಂಡಸ್ವಾಮಿ.

ಅತ್ತೆ ಇಳಿಸಲಿಲ್ಲ. ಬಾವುಟವನ್ನು ನನ್ನ ಕೈಗೆ ಕೊಟ್ಟು, ಹೀಗೇ ಹಿಡಿದಿರು ಎಂದು, ತಿರುವಿನಾಚೆಗೆ ಹೋದರು. ನಂಜುಂಡಸ್ವಾಮಿಯೂ ಹಿಂದೆಯೇ ಹೋದರು. ಅವರಿಬ್ಬರೂ ಕಾಣುವಷ್ಟು ದೂರ ಮಾತ್ರ ನಾನು ಮೋರಿಯತನಕ ಸರಿದೆ. ಅತ್ತೆ ಮಂಡಿ ಊರಿ ಕೂತರು. ಟಾರು ಹಾಕುವ ಮುಂಚೆ ರಸ್ತೆ ಧೂಳು ಬಿಟ್ಟಿದೆಯೇ ಎಂದು ಅಂಗೈ ಎಳೆದು ನೋಡುವುದು ಗ್ಯಾಂಗಿನವರ ರೂಢಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಅವರು ಅಂಗೈಯನ್ನು ಟಾರಿನ ಮೇಲೆ ಮೊಳದುದ್ದ ಎಳೆದು ಎತ್ತಿ ತೋರಿಸಿದರು.

"ಕಾಳೈತೆ ಸಾ."

ತುಳಿದಾಡಿದ್ದಕ್ಕೆ ಉದುರಿದ ಹುರುಳಿ. ಟಾರಿನ ಬಣ್ಣಕ್ಕೆ ಹತ್ತಿರದ ಬಣ್ಣ, ಅದರ ಸಂದುಗಳಲ್ಲಿ ಕೂತಿತ್ತು. ನಾಲ್ಕು ಕಾಳಿಗೆ ಏನಾಗುತ್ತದೆ ಎಂದು ನಂಜುಂಡಸ್ವಾಮಿ ಅಸಹನೆಯಿಂದ ಅಂದದ್ದು ನನಗೂ ಕೇಳಿಸಿತು. ವಾಕಿಟಾಕಿಯಲ್ಲಿ ತೇಜಸ್ವಿನಿ ಕೇಳುತ್ತಿದ್ದರು: ಏಳನೇ ಪಾಯಿಂಟ್, ಏನಾಯಿತು, ಯಾಕೆ ತಡ. ಬಿಟ್ಟುಬಿಡಿ ಅತ್ತೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆದರೆ ಬಾವುಟ ನನ್ನ ಕೈಲಿತ್ತು; ರಸ್ತೆಯಲ್ಲಿ ಕಾಳಿದೆ, ದಾರಿ ಇನ್ನೂ ಸರಿಯಿಲ್ಲ ಎಂದು ಉತ್ತರ ಹೇಳಿದೆ.

ಅತ್ತೆ ಅವರೊಡನೆ ವಾದಕ್ಕೆ ಇಳಿಯಲಿಲ್ಲ. ತಿರುವಿನ ಹೊರಬದಿಯ ಒಂದು ಜಾಗ ತೋರಿಸಿ, ಕಾರಿನ ಚಕ್ರ ಓಡುವುದು ಇಲ್ಲೇ ಅಲ್ಲವೇ, ಇಲ್ಲಿ ಬೂಟು ಊರಿ ಒಂದು ಸಲ ತಿರುಗಿ ನೋಡಿ ಎಂದರು. ನಂಜುಂಡಸ್ವಾಮಿ ಬಲಗಾಲು ಊರಿ ಒತ್ತಿ ತಿರುಗಿದರು. ಕಾಲು ಸರ್ರನೆ ಜಾರಿ, ಪಕ್ಕದಲ್ಲಿದ್ದ ಪುಟ್ಟಬಸವಯ್ಯನವರ ತೋಳು ಹಿಡಿದು ಸಾವರಿಸಿಕೊಂಡರು. ಆಮೇಲೆ ಹೊರಬದಿಯ ಇಳಿಜಾರು ನೋಡಿದರು. ಅಲ್ಲಿ ಟೇಪಿನ ಹಿಂದೆ ನಲವತ್ತು ಜನ ಕೂತಿದ್ದರು. ಚಾಮುಂಡಮ್ಮನ ಕೈಯಿಂದ ಪೊರಕೆ ತೆಗೆದುಕೊಂಡರು.

ಪೊರಕೆಗೆ ಸಂದಿನ ಕಾಳು ಏಳುತ್ತಿರಲಿಲ್ಲ. ದಾರಿ ತೋರಿಸಿದ್ದು ಪುಟ್ಟಬಸವಯ್ಯನವರೇ. ಗೋಣಿಚೀಲಗಳನ್ನು ನಾಲೆ ನೀರಿನಲ್ಲಿ ಅದ್ದಿ ಹಿಂಡಿ ತರಿಸಿ, ರಸ್ತೆಯ ಮೇಲೆ ಹಾಸಿ ಎಳೆಸಿದರು; ಒದ್ದೆ ಗೋಣಿಗೆ ಕಾಳು ಅಂಟಿಕೊಂಡು ಬಂತು. ಎಳೆದ ಗೋಣಿಯನ್ನು ಪ್ರತಿ ಸಲವೂ ತಾವೇ ಟಾರ್ಪಾಲಿನ ಮೇಲೆ ಕೊಡವುತ್ತಿದ್ದರು. ಕಾರಿನವರಿಗಾಗಿ ಮಾಡುತ್ತಿದ್ದಾರೋ ಕಾಳಿಗಾಗಿಯೋ ಎಂದು ಯಾರೋ ಕೆಣಕಿದ್ದಕ್ಕೆ, "ಅವ್ರು ಓಗ್ಬೇಕು, ಇದು ನಮ್ಮನೇಗೆ ಬರ್ಬೇಕು, ಎಳಿಯಲಾ" ಎಂದರು.

ಅತ್ತೆ ಹಿಂದಿನಿಂದ ಅಂಗೈ ಎಳೆಯುತ್ತಾ ಬಂದರು. ಎರಡು ಕಡೆ ಮತ್ತೆ ಎಳೆಸಿದರು. ಒಂಬತ್ತೂ ನಲವತ್ತೊಂದಕ್ಕೆ ಮೋರಿಯ ಹತ್ತಿರ ಬಂದು ಎದ್ದು ನಿಂತು, ಕೈ ನನ್ನ ಕಡೆ ತೋರಿಸಿದರು. ಅಂಗೈ ಕಪ್ಪಗಿತ್ತು, ಅಲ್ಲಲ್ಲಿ ತರಚಿತ್ತು, ಕಾಳಿರಲಿಲ್ಲ. ಬಾವುಟ ತೆಗೆದುಕೊಂಡು ಸುತ್ತಿದರು. ಏಳನೇ ಪಾಯಿಂಟ್, ದಾರಿ ಸರಿಯಿದೆ ಎಂದು ನಾನು ಹೇಳಿದೆ.

ಸುರಕ್ಷತೆಯ ಕಾರು ಮುಂದೆ ಹೋಯಿತು. ಒಂಬತ್ತೂ ನಲವತ್ತಾರಕ್ಕೆ ಮೊದಲ ಸ್ಪರ್ಧಿ ಹೊರಟ ಸುದ್ದಿ ಬಂತು. ಐದಾರು ನಿಮಿಷಕ್ಕೆ ನಾಲೆ ಏರಿಯ ಮೇಲೆ ಧೂಳಿನ ಗೋಡೆ ಎದ್ದು, ನೀಲಿ ಕಾರೊಂದು ಟಾರಿಗೆ ಬಿದ್ದು, ನಮ್ಮನ್ನು ದಾಟಿ, ಮೋರಿಯ ಮೇಲೆ ಒಂದು ಸಲ ನೆಲ ಬಿಟ್ಟಿತು. ತಿರುವಿನಲ್ಲಿ ಅದರ ಬಾಲ ಹೊರಕ್ಕೆ ಎಳೆಯಿತು, ಜನರ ಕಡೆಗೆ. ಅತ್ತೆಯ ಕೈ ನನ್ನ ಮುಂಗೈ ಹಿಡಿಯಿತು. ಟೈರು ಕಿರ್ರೆಂದು ಟಾರನ್ನು ಕಚ್ಚಿತು, ಕಾರು ನೆಟ್ಟಗಾಗಿ ಮಾಯವಾಯಿತು. ಅವರು ಕೈ ಬಿಟ್ಟು, ನಂಬರು ಬರೆದುಕೋ ಎಂದರು.

ಐವತ್ತೆರಡರಲ್ಲಿ ನಲವತ್ತೊಂಬತ್ತು ನಮ್ಮನ್ನು ದಾಟಿದವು, ಮೂರು ಮುಂಚೆಯೇ ಕೆಟ್ಟು ನಿಂತಿದ್ದವು. ಅಷ್ಟು ಹೊತ್ತೂ ಅತ್ತೆ ಕೂರಲಿಲ್ಲ, ಬಂದ ಪಲಾವ್ ಪೊಟ್ಟಣ ಬಿಚ್ಚಲಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಟೇಪು ಬಿಚ್ಚಿದೆವು.

ಸಂಜೆ ನಂಜನಗೂಡಿನ ಮೈದಾನದಲ್ಲಿ ಜಾಕೆಟ್ಟು, ಬಾವುಟ, ವಾಕಿಟಾಕಿ ಒಪ್ಪಿಸಿ ವರದಿ ತುಂಬಬೇಕು. ತಡಕ್ಕೆ ಕಾರಣ ಎಂಬ ಜಾಗದಲ್ಲಿ ನಾನು ಗ್ರಾಮಸ್ಥರು ಒಕ್ಕಣೆ ಹಾಸಿದ್ದರಿಂದ ಎಂದು ಬರೆದೆ. ಓದು ಎಂದರು ಅತ್ತೆ. ಓದಿದೆ. ಹೊಡೆದುಹಾಕಿಸಿದರು. ಮರಿತಾಯಮ್ಮ ಮೊದಲೇ ಹೇಳದಿದ್ದರಿಂದ ಎಂದು ಬರೆಸಿ, ಕೆಳಗೆ ನಿಧಾನವಾಗಿ ತಮ್ಮ ಸಹಿ ಹಾಕಿದರು. ತೇಜಸ್ವಿನಿ ಅದನ್ನು ಎರಡು ಸಲ ಓದಿದರು. ಕಮಿಟಿಯ ಮುಂದೆ ಇಡಬೇಕಾಗುತ್ತದೆ ಎಂದಷ್ಟೇ ಹೇಳಿದರು. ಬಾವುಟ ಒಪ್ಪಿಸುವಾಗ ಅತ್ತೆ ಅದರ ಅಂಚನ್ನು ಒಮ್ಮೆ ನೋಡಿಕೊಂಡರು. ಹೊಲಿಗೆ ಬಿಟ್ಟಿರಲಿಲ್ಲ.

ಸೋಮವಾರ ಏಳು ಗಂಟೆಗೆ ಸೀರೆ ಎತ್ತಿ ಕಟ್ಟಿ ಪುಟ್ಟಬಸವಯ್ಯನವರ ಅಂಗಳಕ್ಕೆ ಹೊರಟರು. ಹಿಂದಿನ ದಿನ ಊರಿದ್ದ ಮಂಡಿಗೆ ಎಣ್ಣೆ ಹಾಕಿ ತಿಕ್ಕಿದ್ದೆ, ಅಂಗೈಗೆ ಬಟ್ಟೆ ಸುತ್ತಿದ್ದೆ. ಬೇಡ ಎಂದರೆ ಕೇಳುವವರಲ್ಲವೆಂದು ನಾನೂ ಸಿಂಧುವನ್ನು ಕರೆದುಕೊಂಡು ಒಂದು ಕೋಲು ಹಿಡಿದು ಹೋದೆ. ಚಾಮುಂಡಮ್ಮನೂ ಸೇರಿ ಮೂವರು ಎದುರುಬದುರು ನಿಂತು ಬಡಿದೆವು. ಪುಟ್ಟಬಸವಯ್ಯನವರು ಮೊದಲು ಜಗಲಿಯ ಮೇಲೇ ಕೂತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಬಡಿದ ಹೊಟ್ಟನ್ನು ಒಂದು ಕಡೆಗೆ ಎಳೆಯಲು ಶುರುಮಾಡಿದರು.

ಹತ್ತರ ಸುಮಾರಿಗೆ ತೇಜಸ್ವಿನಿಯ ಫೋನು ಬಂತು. ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಟ್ಟೆ. ಕಮಿಟಿಯಲ್ಲಿ ಅರ್ಧ ಗಂಟೆ ಗಲಾಟೆಯಾಯಿತಂತೆ. ತಡವಾದ ಪಾಯಿಂಟನ್ನು ಬದಲಾಯಿಸಬೇಕು ಎಂದು ಕೆಲವರು ಪಟ್ಟುಹಿಡಿದರಂತೆ. ನಂಜುಂಡಸ್ವಾಮಿ ಎದ್ದು, ನಾನು ಸರಿಯಿದೆ ಎಂದ ದಾರಿಯನ್ನು ಆಕೆ ಸರಿಯಿಲ್ಲ ಎಂದು ತೋರಿಸಿದರು, ಬದಲಾಯಿಸುವುದಾದರೆ ಮೊದಲು ನನ್ನನ್ನು ಬದಲಾಯಿಸಿ ಎಂದರಂತೆ. ಕೊನೆಗೆ ರೂಟು ಉಳಿಯಿತು. ಆದರೆ ಜೂನಿನಲ್ಲಿ ಎರಡು ದಿನದ ತರಬೇತಿಯಿದೆ, ಕೊನೆಗೆ ಪರೀಕ್ಷೆಯಿದೆ, ಅದನ್ನು ಪಾಸಾದರೆ ಮಾತ್ರ ಬಾವುಟ. ಕನ್ನಡದಲ್ಲಿ ಬಾಯಲ್ಲೇ ಉತ್ತರ ಹೇಳಬಹುದು. ಅಲ್ಲಿಯತನಕ ಇನ್ನೊಂದು ಕೆಲಸ: ನಮ್ಮ ಕಡೆ ಯಾವ ತಿಂಗಳು ರಸ್ತೆಯ ಮೇಲೆ ಏನೇನು ಹಾಸುತ್ತಾರೆ ಎಂದು ಅಮ್ಮ ಹೇಳಿದರೆ ಅದನ್ನು ಹಾಳೆಗೆ ಸೇರಿಸಬೇಕು.

ಅತ್ತೆ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಾ ಹೋದರು. ನಾನು ಕೋಲು ಇಟ್ಟು, ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಹುರುಳಿ, ರಾಗಿ, ಅವರೆ, ಭತ್ತದ ಹುಲ್ಲು. ತರಬೇತಿಗೆ ಬರುತ್ತೀರಾ ಎಂದು ತೇಜಸ್ವಿನಿ ಮತ್ತೆ ಕೇಳಿದರು.

"ಬತ್ತೀನಿ ಅನ್ನು" ಎಂದರು ಅತ್ತೆ, ನನಗೆ.

ಫೋನು ಇಟ್ಟ ಮೇಲೆ ಪುಟ್ಟಬಸವಯ್ಯನವರು ಹೊಟ್ಟು ಎಳೆಯುತ್ತಲೇ, ಮುಂದಿನ ಸಲ ರಾಗಿ ಕಾಲಕ್ಕೆ ಬರಲು ಹೇಳು, ನೂರು ಕಾರು ತರಲಿ ಎಂದರು. ಅತ್ತೆ ಕೋಲು ಎತ್ತಿದವರು ಅದನ್ನು ಇಳಿಸದೆ ಅವರ ಕಡೆ ನೋಡಿದರು.

"ತರ್ಲಿ ಬಸವಣ್ಣೋರೇ. ನಿಮ್ ರಾಗಿ ನಿಮ್ ಅಂಗಳದಲ್ಲಿರ್ತದೆ."

ಕೋಲು ಹುರುಳಿಯ ಮೇಲೆ ಬಿತ್ತು. ಚಾಮುಂಡಮ್ಮ ನಕ್ಕು ತಮ್ಮ ಕೋಲು ಎತ್ತಿದರು. ನನ್ನ ಸರದಿ ಬಂದಿತ್ತು. ಪೆನ್ನು ಜಡೆಗೆ ಸಿಕ್ಕಿಸಿ ನಾನೂ ಎತ್ತಿದೆ.